ಬರ್ಟ್ ವಿಲಿಯಮ್ಸ್ ಗ್ರಾಮಫೋನ್ ತಟ್ಟೆಗಳ ಸಂಗ್ರಹ

ಅಮೆರಿಕದ ಹಾಸ್ಯನಟ, ಗಾಯಕ ಬರ್ಟ್ ವಿಲಿಯಮ್ಸ್ (1874–1922) ಹಾಡಿದ, ಮಾತಾಡಿದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿ ಸಂಗೀತ ಚರಿತ್ರೆಯ ಒಂದು ಕವಲಾಗಿಯೇ ಬೆಳೆದಿದೆ. ಈ ತಟ್ಟೆಗಳು 1901ರಿಂದ ಅವನ ಸಾವಿನ ಹೊತ್ತಿನವರೆಗೆ ಹೊರಬಂದವು. ಮೊದಲ ಕಂತು ವಿಕ್ಟರ್ ಕಂಪನಿಯದು, ಆಮೇಲಿನದೆಲ್ಲ ಕೊಲಂಬಿಯಾದ್ದು. ಹಾಸ್ಯಗಾರರ ತಟ್ಟೆಗಳನ್ನು ಕೂಡಿಡುವವರಿಗೆ ಹ್ಯಾರಿ ಲಾಡರ್, ಕ್ಯಾಲ್ ಸ್ಟೂವರ್ಟ್ ಮೊದಲಾದ ಹಲವು ದಾರಿಗಳಿವೆ. ವಿಲಿಯಮ್ಸ್‌ನ ದಾರಿಯಲ್ಲಿ ಮಾತ್ರ ಒಂದು ವಿಚಿತ್ರವುಂಟು. ಇಲ್ಲಿ ಕೈಗೆಟುಕದಷ್ಟು ಅಪರೂಪವಾದವು ಕಲಾವಿದ ಇನ್ನೂ ಹದಕ್ಕೆ ಬಾರದ ಕಾಲದ ತಟ್ಟೆಗಳು. ಅವನ ಪೂರ್ತಿ ಕಸುವು ತುಂಬಿರುವ ತಟ್ಟೆಗಳು ಗುಜರಿ ಅಂಗಡಿಯ ಮೂಲೆಯಲ್ಲಿ ಇಂದಿಗೂ ಅಗ್ಗಕ್ಕೆ ಸಿಗುತ್ತವೆ.

ವಿಲಿಯಮ್ಸ್ ಹುಟ್ಟಿದ್ದು ಬಹಾಮಾಸ್ ದ್ವೀಪಗಳ ನಸ್ಸಾವ್‌ನಲ್ಲಿ. ಚಿಕ್ಕಂದಿನಲ್ಲೇ ಮನೆಯವರೊಡನೆ ಅಮೆರಿಕಕ್ಕೆ ಬಂದು ಕ್ಯಾಲಿಫೋರ್ನಿಯಾದಲ್ಲಿ ಬೆಳೆದ. 1893ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ವಾಕರ್ ಎಂಬ ಹುಡುಗನ ಜೊತೆಯಾಯಿತು. ಇಬ್ಬರೂ ಕಪ್ಪು ಜನಾಂಗದವರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಆಗ ಬಲು ಜನಪ್ರಿಯವಾಗಿದ್ದವು. ತಿಳಿಮೈಬಣ್ಣದ ವಿಲಿಯಮ್ಸ್ ತಾನೂ ಸುಟ್ಟ ಬೆಂಡಿನ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕಾಯಿತು. ಆ ವೇಷ ಕೊನೆಯವರೆಗೂ ಬಿಡಲಿಲ್ಲ. ವಾಕರ್ ಠಾಕುಠೀಕಾದ ಷೋಕಿಲಾಲ, ವಿಲಿಯಮ್ಸ್ ಹೋದಲ್ಲೆಲ್ಲ ಕೆಟ್ಟ ಗಳಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಮಂಕ. ಈ ಜೋಡಿಯ «ಇನ್ ದಹೋಮಿ» ಸಂಗೀತ ನಾಟಕ 1903ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ಕಪ್ಪು ಜನರೇ ಬರೆದು, ಸಂಗೀತ ಕೂರಿಸಿ, ಆಡಿದ ಪೂರ್ಣ ಪ್ರಮಾಣದ ನಾಟಕವೊಂದು ಅಲ್ಲಿನ ದೊಡ್ಡ ರಂಗಮಂದಿರ ಹತ್ತಿದ್ದು ಅದೇ ಮೊದಲು. ಅದೇ ವರ್ಷ ನಾಟಕ ಲಂಡನ್ನಿಗೂ ಹೋಗಿ, ಬಕಿಂಗ್‌ಹ್ಯಾಂ ಅರಮನೆಯಲ್ಲೂ ಪ್ರದರ್ಶನ ಕಂಡಿತು. ವಾಕರ್ 1909ರಲ್ಲಿ ಕಾಯಿಲೆ ಬಿದ್ದು 1911ರ ಜನವರಿಯಲ್ಲಿ ತೀರಿಕೊಂಡ. ಒಬ್ಬಂಟಿಯಾದ ವಿಲಿಯಮ್ಸ್ 1910ರಲ್ಲಿ ಫ್ಲಾರೆನ್ಜ್ ಜೀಗ್‌ಫೆಲ್ಡ್‌ನ «ಫಾಲೀಸ್» ರಂಗಪ್ರದರ್ಶನಗಳನ್ನು ಸೇರಿ, 1913 ಮತ್ತು 1918 ಬಿಟ್ಟು 1919ರವರೆಗೂ ಬಿಳಿಯ ತಾರೆಗಳ ನಡುವೆ ಆಡಿದ. 1922ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ರಂಗದ ಮೇಲೆ ಕುಸಿದ. ಅದೂ ಆಟದ ಭಾಗವೆಂದು ಜನ ನಕ್ಕರೆಂಬುದು ಅವನ ಎಲ್ಲ ಜೀವನಚರಿತ್ರೆಗಳಲ್ಲೂ ಬರುವ ಸಂಗತಿ. ಮಾರ್ಚ್ 4ರಂದು ನ್ಯೂಯಾರ್ಕಿನಲ್ಲಿ ಸತ್ತಾಗ ಅವನಿಗೆ ಐವತ್ತೂ ತುಂಬಿರಲಿಲ್ಲ.

1901ರ ವಿಕ್ಟರ್ ತಟ್ಟೆಗಳು

ವಿಕ್ಟರ್ ಟಾಕಿಂಗ್ ಮೆಷೀನ್ ಕಂಪನಿ ನೋಂದಣಿಯಾದದ್ದು 1901ರ ಅಕ್ಟೋಬರಿನಲ್ಲಿ. ಅದೇ ಅಕ್ಟೋಬರ್, ನವೆಂಬರುಗಳಲ್ಲಿ ವಿಲಿಯಮ್ಸ್ ಮತ್ತು ವಾಕರ್ ಆ ಕಂಪನಿಗೆ ಹಾಡಿದರು. ನಮ್ಮಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನಳ ಹಾಡನ್ನು ಮೇಣದ ಮೇಲೆ ಹಿಡಿದದ್ದು ಇದರ ಮರುವರ್ಷ, 1902ರ ನವೆಂಬರಿನಲ್ಲಿ. ಎರಡೂ ಕಡೆ ತಂತ್ರ ಒಂದೇ. ಮೈಕ್ ಇಲ್ಲ, ವಿದ್ಯುತ್ತಿನ ಸಹಾಯವಿಲ್ಲ. ದೊಡ್ಡ ತಗಡಿನ ಕಹಳೆಯೊಳಕ್ಕೆ ಬಾಯಿಟ್ಟು ಹಾಡಿದರೆ ಅದರ ಸಣ್ಣ ತುದಿಯ ತೆಳುಪೊರೆ ನಡುಗಿ ಮುಳ್ಳನ್ನು ಅಲುಗಿಸುತ್ತಿತ್ತು, ಮುಳ್ಳು ಮೇಣದಲ್ಲಿ ಗೆರೆ ಕೊರೆಯುತ್ತಿತ್ತು.

«ಗುಡ್ ಮಾರ್ನಿಂಗ್ ಕ್ಯಾರಿ», «ಮೈ ಲಿಟಲ್ ಜುಲು ಬೇಬ್», «ಐ ಡೋಂಟ್ ಲೈಕ್ ದಟ್ ಫೇಸ್ ಯು ವೇರ್» ಈ ಕಂತಿನವು. ಏಳಂಗುಲದ ತಟ್ಟೆಗೆ ವಿಕ್ಟರ್ ಎಂದೂ ಹತ್ತಂಗುಲದ್ದಕ್ಕೆ ಮೊನಾರ್ಕ್ ಎಂದೂ ಹೆಸರು. ಎಲ್ಲವೂ ಒಂದೇ ಮಗ್ಗುಲಿನವು, ಹಿಂಬದಿ ಬೋಳು. ಕೆಲವನ್ನು ವಾಕರ್ ಒಬ್ಬನೇ ಹಾಡಿದ್ದಾನೆ, ಕೆಲವು ಜೋಡಿ ಹಾಡು. ವಾಕರ್‌ನ ಧ್ವನಿ ಮುಖ್ಯವಾಗಿ ಉಳಿದಿರುವುದು ಇವುಗಳಲ್ಲೇ ಆದ್ದರಿಂದ ಚರಿತ್ರೆಕಾರರಿಗೆ ಇವು ಬಂಗಾರ. ಹರಾಜಿಗೆ ಬಂದರೆ ಬೆಲೆ ಗಗನಕ್ಕೇರುತ್ತದೆ, ಬರುವುದೇ ಅಪರೂಪ.

ಆದರೆ ಹಾಡು ಕೇಳಬೇಕೆಂದು ಕೂತವನಿಗೆ ಇವು ಅಷ್ಟೇನೂ ದಕ್ಕುವುದಿಲ್ಲ. ರಂಗದ ಮೇಲೆ ಕೊನೆಯ ಸಾಲಿನವರೆಗೂ ಕೇಳುವಂತೆ ಕೂಗಿ ಹಾಡುವ ಪದ್ಧತಿಯನ್ನೇ ವಿಲಿಯಮ್ಸ್ ಇಲ್ಲಿ ಕಹಳೆಯ ಮುಂದೆಯೂ ಇಟ್ಟುಕೊಂಡಿದ್ದಾನೆ. ನಂತರ ಅವನನ್ನು ದೊಡ್ಡವನನ್ನಾಗಿಸಿದ ನಿಧಾನ, ತಡವರಿಕೆ, ಬಾಯಿ ತೆರೆದು ಮಾತು ಬಾರದೆ ನಿಂತಂತೆ ಕಾಣುವ ಬಿಡುವು ಇನ್ನೂ ಮೂಡಿಲ್ಲ. ಇಪ್ಪತ್ತಾರು ತುಂಬಿದ್ದವನ ಚುರುಕು ಇದೆ, ಅಷ್ಟೆ.

«ನೋಬಡಿ» ಮತ್ತು ಕೊಲಂಬಿಯಾದ ಮೊದಲ ಕಾಲ

1906ರಲ್ಲಿ ಕೊಲಂಬಿಯಾ ಫೋನೋಗ್ರಾಫ್ ಕಂಪನಿಗೆ ಹಾಡಲು ಬರುವ ಹೊತ್ತಿಗೆ ವಿಲಿಯಮ್ಸ್‌ನ ಕೈಯಲ್ಲಿ ಅವನ ಬದುಕಿನ ಹಾಡು ಇತ್ತು. «ನೋಬಡಿ»ಯ ಮಾತು ಅಲೆಕ್ಸ್ ರಾಜರ್ಸ್‌ನದು, ರಾಗ ವಿಲಿಯಮ್ಸ್‌ನದೇ. 1905ರಲ್ಲಿ ಅಟಕ್ಸ್ ಎಂಬ ಕಪ್ಪು ಜನರ ಒಡೆತನದ ಸಂಗೀತ ಪ್ರಕಾಶನ ಅದರ ಸ್ವರಲಿಪಿ ಅಚ್ಚು ಹಾಕಿತ್ತು. ಕಷ್ಟ ಬಂದಾಗ ಯಾರು ನೆರವಾದರು ಎಂದು ಕೇಳಿಕೊಂಡು ಯಾರೂ ಇಲ್ಲ ಎಂದು ತಾನೇ ಉತ್ತರಿಸಿಕೊಳ್ಳುವ ಬಡಪಾಯಿಯ ಹಾಡದು. ಅರ್ಧ ಹಾಡು, ಅರ್ಧ ಮಾತು. ಹಿನ್ನೆಲೆಯಲ್ಲಿ ಟ್ರಂಬೋನ್ ನರಳುತ್ತ ಜಾರುತ್ತದೆ, ಅದರ ಜೊತೆಗೆ ಅವನ ಧ್ವನಿಯೂ ಜಾರುತ್ತದೆ. ಜನ ಬಿಡಲೇ ಇಲ್ಲ. ಏಳು ವರ್ಷ ಅದನ್ನೇ ಹಾಡಬೇಕಾಯಿತೆಂದು 1918ರ ಒಂದು ಪತ್ರಿಕಾ ಲೇಖನದಲ್ಲಿ ಅವನು ತಮಾಷೆಯಾಗಿ ಗೊಣಗಿದ್ದಾನೆ. ಮಾತು ಬರೆದವನೂ ರಾಗ ಹಾಕಿದವನೂ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎನ್ನುವ ಧಾಟಿಯಲ್ಲಿ.

1906ರ ಈ ತಟ್ಟೆ ಕೊಲಂಬಿಯಾ 3423. ಇದೂ ಒಂದೇ ಮಗ್ಗುಲಿನದು. ಇದೇ ಹಾಡು ಮೇಣದ ಸಿಲಿಂಡರಿನ ಮೇಲೂ ಬಂತು. ಆಗ ಕೊಲಂಬಿಯಾ ಎರಡೂ ಬಗೆಯನ್ನು ಮಾರುತ್ತಿತ್ತು. ಎರಡು ನಿಮಿಷದಷ್ಟು ಹಾಡು ಹಿಡಿಯುವ ಈ ಕಪ್ಪು ಮೇಣದ ಕೊಳವೆಗಳಿಗೆ ತೇವ ತಗುಲಿದರೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಮೇಣವನ್ನೇ ತಿಂದು ಗೆರೆಗಳನ್ನು ಹಾಳುಮಾಡುತ್ತದೆ. ಒರೆಸಿದರೆ ಹೋಗುವುದಿಲ್ಲ. ಹೀಗಾಗಿ ಕೊಲಂಬಿಯಾ ಸಿಲಿಂಡರುಗಳ ವಿಲಿಯಮ್ಸ್ ಚೆನ್ನಾದ ಸ್ಥಿತಿಯಲ್ಲಿ ಸಿಗುವುದು ಕಷ್ಟ. «ಲೆಟ್ ಇಟ್ ಅಲೋನ್», «ಹಿಯರ್ ಇಟ್ ಕಮ್ಸ್ ಅಗೇನ್», ವಾಕರ್ ಜೊತೆಗಿನ «ಪ್ರಿಟಿ ಡೆಸ್‌ಡಮೋನ್» ಕೂಡ ಈ ಕಂತಿನವೇ.

ಈ ಕಾಲದ ತಟ್ಟೆಗಳಲ್ಲಿ ಸಂಗ್ರಾಹಕರಿಗೆ ಮೋಜು ಕೊಡುವ ಇನ್ನೊಂದು ಸಂಗತಿ ನಡುವಿನ ತೂತು. ಕೊಲಂಬಿಯಾ ತನ್ನದೇ ಅಚ್ಚುಗಳಿಂದ ಷಿಕಾಗೋದ ಕೆಲವು ಕಂಪನಿಗಳಿಗೂ ತಟ್ಟೆ ಒತ್ತಿ ಕೊಡುತ್ತಿತ್ತು. ಆ ಕಂಪನಿಗಳು ಅಂಗಡಿಗಳ ಮೂಲಕ ಗ್ರಾಮಫೋನನ್ನು ಪುಕ್ಕಟೆಯಾಗಿಯೋ ಅಗ್ಗಕ್ಕೋ ಗಿರಾಕಿಗೆ ಅಂಟಿಸಿ, ತಟ್ಟೆಯಲ್ಲಿ ಲಾಭ ಗಿಟ್ಟಿಸುತ್ತಿದ್ದವು. ಗಿರಾಕಿ ಬೇರೆ ಕಂಪನಿಯ ತಟ್ಟೆ ಕೊಳ್ಳಬಾರದಲ್ಲ? ಅದಕ್ಕೆ ಯಂತ್ರದ ನಡುಗಡ್ಡಿಯನ್ನೇ ದಪ್ಪ ಮಾಡಿದರು, ತಟ್ಟೆಯ ತೂತನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿದರು. ಸ್ಟಾಂಡರ್ಡ್ ಲೇಬಲ್ಲಿನ ತೂತು ಅರ್ಧ ಅಂಗುಲಕ್ಕಿಂತ ತುಸು ದೊಡ್ಡದು, ಹಾರ್ಮೊನಿಯದ್ದು ಮುಕ್ಕಾಲು ಅಂಗುಲ, ಯುನೈಟೆಡ್‌ನದು ಒಂದೂವರೆ, ಅರೆಟಿನೋದ್ದು ಬರೋಬ್ಬರಿ ಮೂರು ಅಂಗುಲ. ಮೂರಂಗುಲದ ತೂತು ಲೇಬಲ್ಲಿನ ಬಹುಪಾಲನ್ನೇ ನುಂಗಿಬಿಡುವುದರಿಂದ ಹಾಡಿನ ಹೆಸರು ಉಳಿದ ಅಂಚಿನಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಇಂತಹ ಲೇಬಲ್ಲುಗಳಲ್ಲೂ ವಿಲಿಯಮ್ಸ್ ಸಿಗುತ್ತಾನೆ, ಕೆಲವೊಮ್ಮೆ ಮೂಲ ಕೊಲಂಬಿಯಾ ತಟ್ಟೆಗಿಂತ ಒಳ್ಳೆಯ ಸ್ಥಿತಿಯಲ್ಲೇ. ದಪ್ಪ ಕಡ್ಡಿಯ ಯಂತ್ರ ಕೆಟ್ಟುಹೋದ ಮೇಲೆ ತಟ್ಟೆಯನ್ನು ಬೇರೆಲ್ಲೂ ನುಡಿಸಲಾಗದೆ ಮೂಲೆಗೆ ಹಾಕಿರುತ್ತಿದ್ದರೆಂಬುದು ಇದಕ್ಕೆ ಒಪ್ಪಬಹುದಾದ ವಿವರಣೆ.

ಎರಡು ಮಗ್ಗುಲಿನ ಕಾಲ

ಕೊಲಂಬಿಯಾ 1908ರಲ್ಲಿ ಎರಡೂ ಬದಿ ಹಾಡಿರುವ ತಟ್ಟೆಯನ್ನು 65 ಸೆಂಟಿಗೆ ಮಾರಲು ತೊಡಗಿತು. ಸಂಖ್ಯೆಯ ಹಿಂದೆ ಎ ಅಕ್ಷರವಿರುವ ಈ ಸರಣಿಯಲ್ಲೇ ವಿಲಿಯಮ್ಸ್‌ನ ನಿಜವಾದ ಸಂಪತ್ತು ಇರುವುದು. «ನೋಬಡಿ»ಯನ್ನು 1913ರ ಜನವರಿಯಲ್ಲಿ ಅವನು ಮತ್ತೆ ಹಾಡಿದ. ಅದು ಎ1289, ಹಿಂಬದಿಯಲ್ಲಿ «ಮೈ ಲ್ಯಾಂಡ್‌ಲೇಡಿ». 1906ರದನ್ನೂ 1913ರದನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದವರಿಗೆ ಈ ನಟ ನಡುವೆ ಏನು ಕಲಿತನೆಂದು ಬೇರೆ ಹೇಳಬೇಕಾಗಿಲ್ಲ. ಸ್ಟುಡಿಯೋದಲ್ಲಿ ನಗುವವರಿಲ್ಲ, ಚಪ್ಪಾಳೆಯಿಲ್ಲ, ಮೂರು ನಿಮಿಷದೊಳಗೆ ಎಲ್ಲ ಮುಗಿಯಬೇಕು. ರಂಗದಲ್ಲಿ ಸಭೆಯ ನಗು ಇಳಿಯುವವರೆಗೆ ಕಾಯುತ್ತಿದ್ದವನು ಇಲ್ಲಿ ಆ ಜಾಗವನ್ನು ತನ್ನ ನಿಟ್ಟುಸಿರಿನಿಂದ ತುಂಬುವುದನ್ನು ಕಂಡುಕೊಂಡಿದ್ದಾನೆ. ಕಹಳೆಯ ಕಾಲದ ಹಾಸ್ಯಗಾರರಲ್ಲಿ ಹೆಚ್ಚಿನವರು ಜೋರು ದನಿಯನ್ನೇ ನೆಚ್ಚಿದ್ದರು. ಮೆಲ್ಲಗೆ ಮಾತಾಡಿಯೂ ಮೇಣದಲ್ಲಿ ಉಳಿದವರು ಬೆರಳೆಣಿಕೆಯ ಮಂದಿ, ಅವರಲ್ಲಿ ಇವನು ಒಬ್ಬ.

1913ರಲ್ಲೇ ಬಂದ «ವುಡ್‌ಮನ್, ವುಡ್‌ಮನ್, ಸ್ಪೇರ್ ದಟ್ ಟ್ರೀ» ಇರ್ವಿಂಗ್ ಬರ್ಲಿನ್ ಕೈವಾಡವಿರುವ ಹಾಡು. ಹೆಂಡತಿಯ ಕಾಟ ತಡೆಯದೆ ಮರ ಹತ್ತಿ ಕೂರುವ ಗಂಡ, ಆಕೆಗೆ ಹತ್ತಲಾಗದ ಆ ಒಂದೇ ಮರವನ್ನು ಕಡಿಯಬೇಡಪ್ಪಾ ಎಂದು ಮರಕಡಿಯುವವನಿಗೆ ಗೋಗರೆಯುತ್ತಾನೆ. 1914ರ «ದ ಡಾರ್ಕ್‌ಟೌನ್ ಪೋಕರ್ ಕ್ಲಬ್»ನಲ್ಲಿ ಇಸ್ಪೀಟಿನಲ್ಲಿ ಸೋತು ಸೋತು ರೋಸಿದವನೊಬ್ಬ ಕ್ಷೌರದ ಕತ್ತಿ ಹೊರತೆಗೆದು, ಇನ್ನು ಮುಂದೆ ಆಟದ ನಿಯಮ ತನ್ನದೇ ಎಂದು ಸಾರುತ್ತಾನೆ. ವಿಲಿಯಮ್ಸ್ ರಂಗದಲ್ಲಿ ಒಂದೂ ಮಾತಾಡದೆ, ಎದುರಿಗಿಲ್ಲದ ಆಟಗಾರರೊಡನೆ ಪೋಕರ್ ಆಡಿ ತೋರಿಸುತ್ತಿದ್ದ ಮೂಕಾಭಿನಯ ಬಲು ಹೆಸರಾಗಿತ್ತು. ಅದು ತಟ್ಟೆಗೆ ದಕ್ಕುವಂಥದಲ್ಲ. 1916ರ «ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್» ಎಂಬ ಮೂಕಿ ಚಿತ್ರದಲ್ಲಿ ಉಳಿದಿದೆ. ಪೋಕರ್ ಹಾಡಿನ ತಟ್ಟೆಯನ್ನೂ ಆ ಚಿತ್ರವನ್ನೂ ಜೊತೆಗಿಟ್ಟುಕೊಂಡರೆ ನಟನ ಎರಡು ಅರ್ಧಗಳು ಸಿಕ್ಕಂತೆ.

1919ರ ಎ6141 ಹನ್ನೆರಡಂಗುಲದ ದೊಡ್ಡ ತಟ್ಟೆ. ಒಂದೊಂದು ಬದಿಗೂ ನಾಲ್ಕು ನಿಮಿಷಕ್ಕೆ ಮೀರಿದ ಅವಕಾಶ. ಇದರಲ್ಲಿ ಹಾಡಿಲ್ಲ, «ಎಲ್ಡರ್ ಈಟ್‌ಮೋರ್» ಎಂಬ ಹೊಟ್ಟೆಬಾಕ ಪಾದ್ರಿಯ ಎರಡು ಉಪದೇಶಗಳಿವೆ: ಒಂದು ಔದಾರ್ಯದ ಬಗ್ಗೆ, ಇನ್ನೊಂದು ಕಲ್ಲೆಸೆಯುವುದರ ಬಗ್ಗೆ. ಔದಾರ್ಯದ ಉಪದೇಶವೆಂದರೆ ಬೇರೇನಲ್ಲ, ಭಕ್ತರು ಪಾದ್ರಿಯ ಹೊಟ್ಟೆಯನ್ನು ಮರೆಯಬಾರದೆಂಬ ಬೋಧನೆ. ದೇವರ ಮಾತಿನಿಂದ ಶುರುವಾದದ್ದು ಊಟದ ಮಾತಿಗೆ ಇಳಿಯುವ ಇಳಿಜಾರು ಎಲ್ಲಿ ಆರಂಭವಾಯಿತೆಂದು ಎಷ್ಟು ಸಲ ಕೇಳಿದರೂ ಬೆರಳಿಟ್ಟು ತೋರಿಸುವುದು ಕಷ್ಟ. ಹರಿಕಥೆಯ ನಡುವೆ ಮಂಗಳಾರತಿ ತಟ್ಟೆಯ ಕಡೆ ಕಣ್ಣು ಹಾಯಿಸುವ ದಾಸರನ್ನು ಕಂಡವರಿಗೆ ಈ ಪಾದ್ರಿ ಅಪರಿಚಿತನೆನಿಸಲಾರ. ನಿಜವಾದ ಕಪ್ಪು ಪಾದ್ರಿಗಳ ಉಪದೇಶದ ತಟ್ಟೆಗಳು 1926ರ ಸುಮಾರಿಗೆ, ಜೆ. ಎಂ. ಗೇಟ್ಸ್ ಮೊದಲಾದವರಿಂದ, ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾದವು. ಅಣಕ ಮೊದಲು ಬಂದು ಅಸಲು ಆಮೇಲೆ ಬಂದ ಅಪರೂಪದ ಪ್ರಸಂಗವಿದು. ಎಲ್ಡರ್ ಈಟ್‌ಮೋರ್ ಚೆನ್ನಾಗಿ ಮಾರಾಟವಾದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಕೈಹಾಕುವವರು ಒಂದೇ ತಟ್ಟೆ ಕೊಳ್ಳುವುದಾದರೆ ಇದನ್ನು ಕೊಳ್ಳುವುದು ಮೇಲು.

ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರ ಜನವರಿ 17ರಂದು. ಅದರ ಮುಂಚಿನ ಮತ್ತು ನಂತರದ ತಿಂಗಳುಗಳಲ್ಲಿ ವಿಲಿಯಮ್ಸ್ ಹಾಡಿದ ಕುಡಿತದ ಹಾಡುಗಳೇ ಒಂದು ಪುಟ್ಟ ಗುಂಪು. ನೆಲಮಾಳಿಗೆಯಲ್ಲಿ ಬಾಟಲಿ ಕೂಡಿಟ್ಟವನಿಗೆ ಇದ್ದಕ್ಕಿದ್ದಂತೆ ಊರೆಲ್ಲ ನೆಂಟರಾಗುವ «ಎವ್ರಿಬಡಿ ವಾಂಟ್ಸ್ ಎ ಕೀ ಟು ಮೈ ಸೆಲ್ಲರ್», ಬೆಟ್ಟದ ಮರೆಯಲ್ಲಿ ಕಳ್ಳಭಟ್ಟಿ ಇಳಿಸುವವರ ಮೇಲಿನ «ದ ಮೂನ್ ಷೈನ್ಸ್ ಆನ್ ದ ಮೂನ್‌ಷೈನ್», ಉಳಿದ ಹತ್ತು ಬಾಟಲಿಗಳು ಒಂದೊಂದಾಗಿ ಕರಗುವ «ಟೆನ್ ಲಿಟಲ್ ಬಾಟಲ್ಸ್», ನನಗೂ ಒಂದು ಗುಟುಕು ಉಳಿಸಿ ಎನ್ನುವ «ಸೇವ್ ಎ ಲಿಟಲ್ ಡ್ರ್ಯಾಮ್ ಫಾರ್ ಮಿ». ಆ ವರ್ಷಗಳ ಪತ್ರಿಕೆಗಳಿಗಿಂತ ಈ ನಾಲ್ಕು ತಟ್ಟೆಗಳಲ್ಲಿ ಪಾನನಿಷೇಧ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ ಎಂದರೆ ಅತಿಯಾಗಲಾರದು. ಇವಿಷ್ಟನ್ನೇ ಜೋಡಿಸಿಟ್ಟು ಸಂಗ್ರಹ ಮುಗಿಸುವವರೂ ಇದ್ದಾರೆ. 1918ರ «ಓ ಡೆತ್ ವೇರ್ ಈಸ್ ದೈ ಸ್ಟಿಂಗ್» ಇವುಗಳ ಅಣ್ಣನಂತೆ ಮುಂಚೆಯೇ ಬಂದದ್ದು. ನರಕದಲ್ಲಿ ಮದ್ಯ, ಮಾನಿನಿಯರಿದ್ದಾರೆಂದು ಪಾದ್ರಿ ಹೆದರಿಸಿದರೆ ಕೇಳುಗನಿಗೆ ಸಾವಿನ ಭಯವೇ ಹೊರಟುಹೋಗುತ್ತದೆ. ಅದನ್ನು ಪ್ರಕಟಿಸಿದ್ದು ಬ್ಲೂಸ್ ಸಂಗೀತದ ಡಬ್ಲ್ಯು. ಸಿ. ಹ್ಯಾಂಡಿ ಪಾಲುದಾರನಾಗಿದ್ದ ಪೇಸ್ ಅಂಡ್ ಹ್ಯಾಂಡಿ ಸಂಸ್ಥೆ.

ತಟ್ಟೆಯನ್ನು ಓದುವುದು

ಪಳಗಿದ ಸಂಗ್ರಾಹಕ ತಟ್ಟೆಯನ್ನು ಯಂತ್ರದ ಮೇಲಿಡುವ ಮೊದಲು ಬೆಳಕಿಗೆ ಓರೆಯಾಗಿ ಹಿಡಿದು ಓದುತ್ತಾನೆ. ಮೊದಲು ಬಣ್ಣ. ಹೊಸ ತಟ್ಟೆ ಕರ್ರಗೆ ಹೊಳೆಯುತ್ತದೆ. ಸವೆದದ್ದು ಬೂದುಬಣ್ಣಕ್ಕೆ ತಿರುಗಿರುತ್ತದೆ. ಈ ಬೂದು ಧೂಳಲ್ಲ, ತೊಳೆದರೆ ಹೋಗುವುದಿಲ್ಲ. ಉಕ್ಕಿನ ಮುಳ್ಳನ್ನು ಪ್ರತಿ ಸಲ ಬದಲಿಸಬೇಕೆಂಬ ನಿಯಮವನ್ನು ಹಳೆಯ ಮಾಲೀಕರು ಪಾಲಿಸದೆ ಮೊಂಡು ಮುಳ್ಳಿನಿಂದಲೇ ಕೆರೆದದ್ದರ ಗುರುತು ಅದು. ವಿಲಿಯಮ್ಸ್‌ನ ತಟ್ಟೆಗಳಲ್ಲಿ ಈ ಬೂದು ಹೆಚ್ಚು, ಯಾಕೆಂದರೆ ಮನೆಮಂದಿ ಅವನ್ನು ಮತ್ತೆ ಮತ್ತೆ ಹಾಕಿ ಕೇಳಿದ್ದಾರೆ. ಒಪೆರಾ ತಟ್ಟೆಗಳು ಕಪಾಟಿನಲ್ಲಿ ಹೊಳೆಯುತ್ತ ಕೂತಿರುತ್ತವೆ, ಹಾಸ್ಯದ ತಟ್ಟೆ ಸವೆದಿರುತ್ತದೆ.

ಆಮೇಲೆ ಅಂಚಿನಿಂದ ಒಳಕ್ಕೆ ಹೋಗುವ ಕೂದಲೆಳೆಯ ಬಿರುಕು ಹುಡುಕಬೇಕು. ತಟ್ಟೆಯನ್ನು ಬೆರಳ ತುದಿಯಲ್ಲಿ ತೂಗುಹಾಕಿ ಮೆಲ್ಲಗೆ ತಟ್ಟಿದರೆ ಗಟ್ಟಿ ತಟ್ಟೆ ಸಣ್ಣಗೆ ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಎನ್ನುತ್ತದೆ. ಕೊನೆಗೆ ಲೇಬಲ್ಲಿನ ಪಕ್ಕದ ಬರಿಜಾಗ. ಅಲ್ಲಿ ಕೊರೆದಿರುವ ಅಂಕಿಗಳಲ್ಲಿ ಮೊದಲನೆಯದು ಧ್ವನಿಮುದ್ರಣವನ್ನು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆ, ಅಡ್ಡಗೆರೆಯ ನಂತರದ್ದು ಎಷ್ಟನೆಯ ಟೇಕ್, ಅಂದರೆ ಎಷ್ಟನೆಯ ಸಲ ಹಾಡಿದ್ದು ಎಂಬುದು, ಅದರಾಚೆಯದು ಯಾವ ಸ್ಟಾಂಪರಿನಿಂದ, ಅಂದರೆ ಒತ್ತಚ್ಚಿನಿಂದ, ಒತ್ತಿದ್ದು ಎಂಬುದು. ಲೇಬಲ್ಲು, ಕ್ಯಾಟಲಾಗ್ ಸಂಖ್ಯೆ ಒಂದೇ ಆಗಿದ್ದರೂ ಟೇಕ್ ಬೇರೆಯಾದರೆ ಅದು ಬೇರೆಯೇ ಹಾಡುಗಾರಿಕೆ: ಒಂದು ನಿಟ್ಟುಸಿರು ಹೆಚ್ಚು, ಒಂದು ಪದ ಕಡಿಮೆ. ಮಾತಿನ ಹದವನ್ನೇ ಬಂಡವಾಳ ಮಾಡಿಕೊಂಡ ಹಾಸ್ಯಗಾರನ ವಿಷಯದಲ್ಲಿ ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಗಂಭೀರ ಸಂಗ್ರಾಹಕರು ಒಂದೇ ತಟ್ಟೆಯ ಎರಡು ಮೂರು ಪ್ರತಿ ಇಟ್ಟುಕೊಳ್ಳುವುದು ಇದಕ್ಕೇ. ಮನೆಯವರ ಕಣ್ಣಿಗೆ ಅದು ಹುಚ್ಚಾಗಿ ಕಂಡರೆ ತಪ್ಪಿಲ್ಲ. ಲೇಬಲ್ಲಿನ ವಿನ್ಯಾಸವೂ ಕಾಲ ಹೇಳುತ್ತದೆ. ಕೊಲಂಬಿಯಾ ತನ್ನ ಜೋಡಿ ಸ್ವರಚಿಹ್ನೆಯನ್ನೂ ಬಣ್ಣದ ಪಟ್ಟಿಯನ್ನೂ ಆಗಾಗ ಬದಲಿಸಿದ್ದರಿಂದ, ಒಂದೇ ಹಾಡಿನ ಮೊದಲ ಒತ್ತು ಯಾವುದು, ವರ್ಷಗಳ ನಂತರದ ಮರುಒತ್ತು ಯಾವುದೆಂದು ಪತ್ತೆಹಚ್ಚಬಹುದು.

ವೇಗದ ಬಗ್ಗೆಯೂ ಎಚ್ಚರ ಬೇಕು. 78 ಎಂದು ನಾವು ಒಟ್ಟಾರೆ ಕರೆದರೂ ಕೊಲಂಬಿಯಾ ಆಗ ನಿಮಿಷಕ್ಕೆ 80 ಸುತ್ತನ್ನು ಸೂಚಿಸುತ್ತಿತ್ತು. 1901ರ ವಿಕ್ಟರ್‌ಗಳ ವೇಗ ಇನ್ನೂ ಅನಿಶ್ಚಿತ. 80ರ ತಟ್ಟೆಯನ್ನು 78ರಲ್ಲಿ ಓಡಿಸಿದರೆ ಶ್ರುತಿ ಅರ್ಧಸ್ವರಕ್ಕಿಂತಲೂ ಕಡಿಮೆಯೇ ಇಳಿಯುತ್ತದೆ. ಆದರೂ ಮೊದಲೇ ನಿಧಾನಿಯಾದ ವಿಲಿಯಮ್ಸ್ ಇನ್ನಷ್ಟು ತೂಕಡಿಸಿದಂತೆ ಕೇಳುತ್ತಾನೆ. ಎಲ್‌ಪಿ ತಟ್ಟೆಯ ಸಣ್ಣ ಮುಳ್ಳನ್ನು ಇವುಗಳಿಗೆ ಹಾಕಬಾರದು. ಗೆರೆ ಅಗಲವಾದ್ದರಿಂದ ಅದು ತಳದ ಕೊಳೆಯಲ್ಲಿ ಹೊರಳಾಡುತ್ತದೆ, ಬರೀ ಸದ್ದೇ ಬರುತ್ತದೆ. ಇಂಚಿನ ಸಾವಿರ ಪಾಲಿನಲ್ಲಿ ಮೂರು ಪಾಲಿನಷ್ಟು, ಕೆಲವಕ್ಕೆ ಅದಕ್ಕೂ ತುಸು ದಪ್ಪದ ಮುಳ್ಳು ಬೇಕು. ತೊಳೆಯಲು ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಮೃದು ಸೋಪು ಸಾಕು. ಸ್ಪಿರಿಟ್ ಹಾಕಿದರೆ ಅರಗು ಕರಗಿ ತಟ್ಟೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು.

ಈ ಅರಗಿನ ವಿಷಯದಲ್ಲಿ ಭಾರತಕ್ಕೂ ವಿಲಿಯಮ್ಸ್‌ಗೂ ನೇರ ನಂಟಿದೆ. ತಟ್ಟೆಯ ಮುದ್ದೆಯಲ್ಲಿ ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆಯ ಜೊತೆಗೆ ಎಲ್ಲವನ್ನೂ ಹಿಡಿದಿಡುವ ಬಂಧವಾಗಿ ಇದ್ದದ್ದು ಅರಗು. ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಛೋಟಾನಾಗಪುರ, ಬಂಗಾಳದ ಕಾಡುಗಳಿಂದ, ಕಲ್ಕತ್ತೆಯ ಬಂದರಿನ ಮೂಲಕ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಮೆರುಗು ಕೊಡುವುದೂ ಅರಗೇ. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸರಬರಾಜು ಬಿಗಿಯಾದಾಗ ಅಮೆರಿಕ ಸರ್ಕಾರ 1942ರ ಏಪ್ರಿಲ್‌ನಲ್ಲಿ ತಟ್ಟೆ ಕಂಪನಿಗಳ ಬಳಕೆಯನ್ನು ಶೇಕಡ 70ರಷ್ಟು ಕಡಿತ ಮಾಡಿತು. ಹಳೆಯ ತಟ್ಟೆ ತಂದುಕೊಡಿ ಎಂದು ದೇಶದಾದ್ಯಂತ ಅಭಿಯಾನ ನಡೆಯಿತು. ಕರಗಿಸಲು ಹೋದ ರಾಶಿಗಳಲ್ಲಿ 1901ರ ಎಷ್ಟು ಬೋಳುಬೆನ್ನಿನ ತಟ್ಟೆಗಳಿದ್ದವೋ ಲೆಕ್ಕ ಇಟ್ಟವರಿಲ್ಲ.

ಬೇಸ್ತು ಬೀಳಿಸುವವು, ಮುಜುಗರ ತರುವವು

ಹಾಡಿನ ಹೆಸರು ನೋಡಿ ಕೊಂಡರೆ ಮೋಸಹೋಗುವುದುಂಟು. ಒಂದೇ ಹಾಡನ್ನು ಕೈಗೆ ಸಿಕ್ಕವರಿಂದೆಲ್ಲ ಹಾಡಿಸುವುದು ಆಗಿನ ರೂಢಿ. «ನೋಬಡಿ»ಯನ್ನು ವಿಲಿಯಮ್ಸ್‌ಗಿಂತ ಮೊದಲೇ, 1905ರಲ್ಲೇ, ಆರ್ಥರ್ ಕಾಲಿನ್ಸ್ ಎಂಬ ಬಿಳಿಯ ಗಾಯಕ ಎಡಿಸನ್ ಸಿಲಿಂಡರಿಗೆ ಹಾಡಿದ್ದ. «ಪ್ಲೇ ದಟ್ ಬಾರ್ಬರ್ ಷಾಪ್ ಕಾರ್ಡ್» ಹಾಡಿಗೂ ವಿಕ್ಟರ್‌ನಲ್ಲಿ ಬಿಳಿಯ ಗುಂಪೊಂದರ ಆವೃತ್ತಿ ಇದೆ. ಕಾಲಿನ್ಸ್‌ನ ಸಿಲಿಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಕೆಟ್ಟದ್ದಲ್ಲ. ಅವನು ಆ ಬಡಪಾಯಿಯನ್ನು ನೋಡಿ ನಗುತ್ತಾನೆ. ವಿಲಿಯಮ್ಸ್ ಬಡಪಾಯಿಯ ಒಳಗಿಂದಲೇ ಹಾಡುತ್ತಾನೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. 1901ರ ತಟ್ಟೆಗಳ ಕೆಲವು ಶೀರ್ಷಿಕೆಗಳಲ್ಲೇ ಕಪ್ಪು ಜನರನ್ನು ಹೀಯಾಳಿಸುವ ಪದಗಳಿವೆ. ಹಾಡುಗಳು ಆ ಕಾಲದ ಬಿಳಿಯರ ಅಭಿರುಚಿಗೆ ತಕ್ಕ ಗೊಂಬೆ ಪಾತ್ರಗಳಿಂದ ತುಂಬಿವೆ: ಕೋಳಿ ಕದಿಯುವವನು, ಜೂಜುಕೋರ, ಸೋಮಾರಿ. ವಿಲಿಯಮ್ಸ್‌ಗೆ ಆ ಆಡುನುಡಿ ಹುಟ್ಟಿನಿಂದ ಬಂದದ್ದಲ್ಲ. ದ್ವೀಪದಲ್ಲಿ ಹುಟ್ಟಿದವನು ರಂಗಕ್ಕಾಗಿ ಕಲಿತದ್ದು. ಫಾಲೀಸ್‌ನ ತಾರೆಯಾದ ಮೇಲೂ ಎಷ್ಟೋ ಹೋಟೆಲುಗಳ ಮುಂಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ನ್ಯಾಷನಲ್ ಜೂಕ್‌ಬಾಕ್ಸ್ ಸಂಗ್ರಹದಲ್ಲಿ ಇಂತಹ ಹಾಡುಗಳನ್ನು ಎಚ್ಚರಿಕೆಯ ಮಾತಿನೊಡನೆ ಇಟ್ಟಿದೆ, ಅಳಿಸಿಲ್ಲ. ಸಂಗ್ರಾಹಕರೂ ಅದೇ ದಾರಿ ಹಿಡಿಯುವುದು ಸರಿ. ಇವನ್ನು ಬರೀ ಮೋಜಿನ ಹಳೆ ಸಾಮಾನೆಂದು ಗೋಡೆಗೆ ನೇತುಹಾಕುವುದು ಮಾತ್ರ ಸಲ್ಲದು. 1913ರ ನಂತರದ ಹಾಡುಗಳಲ್ಲಿ ಈ ಪಾತ್ರಗಳೇ ನಿಧಾನವಾಗಿ ಮನುಷ್ಯರಾಗುವುದನ್ನು, ವೇಷ ಅದೇ ಇದ್ದರೂ ಧ್ವನಿ ಅದನ್ನು ದಾಟಿ ಹೋಗುವುದನ್ನು ತಟ್ಟೆಗಳ ಕಾಲಕ್ರಮದಲ್ಲೇ ಕೇಳಬಹುದು. ಒಂದೊಂದನ್ನೇ ಬಿಡಿಯಾಗಿ ಕೊಳ್ಳುವುದಕ್ಕಿಂತ ಸರಣಿಯಾಗಿ ಕೂಡಿಡುವುದರಲ್ಲಿ ಅರ್ಥವಿರುವುದು ಈ ಕಾರಣಕ್ಕೆ.

ಮರುಮುದ್ರಣ, ಆಕರ, ಹೊರಸಾಮಗ್ರಿ

ಹಳೆಯ ತಟ್ಟೆಯೇ ಬೇಕೆಂಬ ಹಟವಿಲ್ಲದವರಿಗೆ ಈಗ ದಾರಿ ಸಲೀಸು. ಅಮೆರಿಕದ 2018ರ ಸಂಗೀತ ಕಾಯಿದೆಯ ಪ್ರಕಾರ 1923ಕ್ಕೆ ಮುಂಚೆ ಪ್ರಕಟವಾದ ಧ್ವನಿಮುದ್ರಣಗಳೆಲ್ಲ 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ವಿಲಿಯಮ್ಸ್ ಬದುಕಿದ್ದಾಗ ಬಂದ ತಟ್ಟೆಗಳು ಅಷ್ಟೂ ಇದರೊಳಗೆ ಬರುತ್ತವೆ. ಆರ್ಕಿಯೋಫೋನ್ ಎಂಬ ಸಣ್ಣ ಕಂಪನಿ ಖಾಸಗಿ ಸಂಗ್ರಾಹಕರ ತಟ್ಟೆಗಳನ್ನು ಆಧರಿಸಿ ಅವನ ಹಾಡುಗಳನ್ನು ಮೂರು ಸಿಡಿಗಳಲ್ಲಿ ಕಾಲಾನುಕ್ರಮವಾಗಿ ತಂದಿದೆ. ಸ್ಯಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಧ್ವನಿಮುದ್ರಣ ಸೂಚಿಯಲ್ಲಿ ತಟ್ಟೆ, ಮ್ಯಾಟ್ರಿಕ್ಸ್, ಟೇಕುಗಳ ವಿವರ ದೊರೆಯುತ್ತದೆ. ಟಿಮ್ ಬ್ರೂಕ್ಸ್‌ನ «ಲಾಸ್ಟ್ ಸೌಂಡ್ಸ್» (2004) ಅಮೆರಿಕದ ಕಪ್ಪು ಕಲಾವಿದರ ಮೊದಲ ಮೂರು ದಶಕಗಳ ಧ್ವನಿಮುದ್ರಣದ ಚರಿತ್ರೆ. ವಿಲಿಯಮ್ಸ್ ಕುರಿತು ಅದಕ್ಕಿಂತ ವಿವರವಾದ ತಟ್ಟೆಚರಿತ್ರೆಯನ್ನು ಹುಡುಕುವುದು ಕಷ್ಟ. ಹಳೆಯ ತಟ್ಟೆಗಳಿಂದ ಒಬ್ಬ ಕಲಾವಿದೆಯ ಬದುಕನ್ನು ಮತ್ತೆ ಕಟ್ಟುವ ಕೆಲಸ ನಮ್ಮಲ್ಲೂ ನಡೆದಿದೆ. ಮೈಸೂರು ಅರಮನೆಯ ಆಸ್ಥಾನ ಕಲಾವಿದೆಯಾಗಿ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಕುರಿತ ವಿಕ್ರಂ ಸಂಪತ್ ಅವರ ಪುಸ್ತಕ (2010) ಅಂಥದು.

ವಿಲಿಯಮ್ಸ್‌ನ ಹಾಡುಗಳನ್ನು ನಂತರದವರು ಹಾಡಿದ ತಟ್ಟೆಗಳೂ ಸಂಗ್ರಹದೊಳಗೆ ಸೇರುತ್ತವೆ. ಡ್ಯೂಕ್ ಎಲಿಂಗ್ಟನ್ 1940ರಲ್ಲಿ ಅವನ ನೆನಪಿಗೆ «ಎ ಪೋರ್ಟ್ರೇಟ್ ಆಫ್ ಬರ್ಟ್ ವಿಲಿಯಮ್ಸ್» ನುಡಿಸಿದ. ಫಿಲ್ ಹ್ಯಾರಿಸ್ 1946ರಲ್ಲಿ ಪೋಕರ್ ಕ್ಲಬ್ಬಿನ ಹಾಡಿಗೆ ಮರುಜೀವ ಕೊಟ್ಟ. «ನೋಬಡಿ»ಯನ್ನು ನೀನಾ ಸಿಮೋನ್ 1964ರಲ್ಲೂ ಜಾನಿ ಕ್ಯಾಷ್ 2000ದಲ್ಲೂ ಹಾಡಿದರು; ಕ್ಯಾಷ್ ಅದರಿಂದ ನಗುವನ್ನು ಬಹುಮಟ್ಟಿಗೆ ತೆಗೆದೇಬಿಟ್ಟಿದ್ದಾನೆ. 1913ರಲ್ಲಿ ಚಿತ್ರೀಕರಿಸಿ ಬಿಡುಗಡೆಯಾಗದೆ ಉಳಿದಿದ್ದ, ವಿಲಿಯಮ್ಸ್ ನಾಯಕನಾಗಿರುವ ಮೂಕಿ ಚಿತ್ರದ ರೀಲುಗಳನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2014ರಲ್ಲಿ ಜೋಡಿಸಿ ತೋರಿಸಿತು. ಎ1289ರ ಧ್ವನಿ ಮುದ್ರಿಸಿದ ವರ್ಷವೂ ಅದೇ ಆದ್ದರಿಂದ ಆ ಚಿತ್ರ ಬಂದ ಮೇಲೆ 1913ರ ತಟ್ಟೆಗಳಿಗೆ ಗಿರಾಕಿಗಳ ಆಸಕ್ತಿ ಸಹಜವಾಗಿಯೇ ಹೊಸದಾಗಿದೆ. ಪ್ರತಿಗಳಿಗೇನೂ ಬರವಿಲ್ಲ.